ಕ್ಲಿಫ್ ಒಗ್ಡನ್‌ನ ಮೂವತ್ತೇಳನೆಯ ಪ್ರಶ್ನೆ

ಮಗಳು ಕೌನ್ಸಿಲರ್ ಆಗಿ ಗೆದ್ದ ಮರುದಿನವೇ ಗೇನರ್ ಸ್ಕೋಫೀಲ್ಡ್ ಮನೆಯಲ್ಲೊಂದು ನಿಯಮ ಮಾಡಿದ್ದಳು: ಊಟದ ಮೇಜಿನಲ್ಲಿ ಕೌನ್ಸಿಲ್ ಮಾತು ಕೂಡದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆ ನಿಯಮ ಒಂದು ದಿನವೂ ನೆಟ್ಟಗೆ ನಡೆದಿರಲಿಲ್ಲ.

"ಮಾಂಸ ಎಲ್ಲಿಂದ ತಂದೆ ಗೇನರ್?" ಎಂದು ಆ ಭಾನುವಾರ ಅವಳ ಅಪ್ಪ ಕ್ಲಿಫ್ ಕೇಳಿದ. ಪೈ ಮೇಲಿನ ಹಿಟ್ಟಿನ ಮುಚ್ಚಳವನ್ನು ಫೋರ್ಕಿನಲ್ಲಿ ಎತ್ತಿ ಒಳಗೆ ಇಣುಕುತ್ತಿದ್ದ.

"ಯಾವಾಗ್ಲೂ ತರೋ ಅಂಗಡಿಯಿಂದ್ಲೇ. ಯಾಕೆ?"

"ಏನಿಲ್ಲ. ಈ ಹಸುಗೆ ಸಂಬಳ ಸರಿಯಾಗಿ ಕೊಡ್ತಿದ್ರಾ, ವಾರಕ್ಕೊಂದು ರಜೆ ಇತ್ತಾ ಅಂತ. ನಮ್ಮ ಕೌನ್ಸಿಲರಮ್ಮ ಪ್ರಮಾಣಪತ್ರ ಕೇಳ್ತಾಳಲ್ಲ."

"ತಾತಾ, ನಗು ಬರ್ಲಿಲ್ಲ," ಎಂದಳು ಗೇನರಳ ಮಗಳು ಬ್ರಯೋನಿ.

"ನಗ್ಲಿ ಅಂತ ಹೇಳಿದ್ದಲ್ಲ."

"ಕೆಂಪು ಕೋಸು ಈ ಕಡೆ ಸ್ವಲ್ಪ ತಳ್ಳಿ," ಎಂದ ಗೇನರಳ ಗಂಡ ಟ್ರೆವರ್. ಊರಿನ ಬಸ್ಸು ಓಡಿಸುವ ಅವನು ದಿನವಿಡೀ ಜನರ ಜಗಳ ಕೇಳಿಸಿಕೊಂಡು ಬರುವವನು. ಮನೆಯ ಜಗಳಕ್ಕೆ ಅವನ ಕೊಡುಗೆ ಸಾಮಾನ್ಯವಾಗಿ ಇಷ್ಟೇ.

ಕ್ಲಿಫ್‌ನ ಕೊಂಕಿಗೆ ಕಾರಣವಿತ್ತು. ಊರಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಗೇನರ್ ಅಲ್ಲೇ ಗೇಟಿನ ಪಕ್ಕದ ಹಳೆಯ ಕಟ್ಟಡದಲ್ಲಿ ಹೊಲಿಗೆ ಕೇಂದ್ರ ತೆರೆದಿದ್ದಳು. ಮಿಲ್‌ಗೇಟ್ ಹೊಲಿಗೆ ಎಂದೇ ಹೆಸರು. ಆರು ಜನ ಹೆಂಗಸರು, ಎಂಟು ಮಷೀನು, ಹತ್ತೊಂಬತ್ತು ವರ್ಷ. ತಮ್ಮ ಊರು ಕ್ಲೆಗ್‌ಡೇಲ್‌ನ ಶಾಲೆಯ ಅಡುಗೆಮನೆಗಳಿಗೆ, ವೃದ್ಧಾಲಯಗಳಿಗೆ ಬೇಕಾದ ಏಪ್ರನ್ನು, ಮೇಲಂಗಿಗಳನ್ನೆಲ್ಲ ಹೊಲಿಯುತ್ತಿದ್ದವರು ಅವರೇ. ಕೊಳ್ಳುವುದು ಕೌನ್ಸಿಲ್ಲು. ಹೊರಗಿನ ಗಿರಾಕಿ ಎಂದರೆ ಒಬ್ಬ ಬೇಕರಿಯವನು, ಇನ್ನೊಂದು ಚರ್ಚಿನ ಹಾಡುಗಾರರ ತಂಡ. ಕೌನ್ಸಿಲ್ ಜೊತೆಗಿನ ಕರಾರು ಮಾರ್ಚ್‌ಗೆ ಮುಗಿಯುತ್ತಿತ್ತು. ಅದು ಮತ್ತೆ ಸಿಗದಿದ್ದರೆ ಬಾಗಿಲು ಹಾಕುವುದೇ.

ಈಗ ಕೌನ್ಸಿಲ್ ಮುಂದೆ ಎರಡು ಪ್ರಸ್ತಾವಗಳಿದ್ದವು. ಮೊದಲನೆಯದು ನೈತಿಕ ಖರೀದಿ ನೀತಿ. ಕೌನ್ಸಿಲ್‌ಗೆ ಏನೇ ಮಾರುವವರು ಕೂಲಿ ಸರಿಯಾಗಿ ಕೊಡುತ್ತೇವೆ, ನಮ್ಮ ಬಟ್ಟೆ ದಾರ ಬಂದ ಕಡೆಯಲ್ಲೂ ಯಾರನ್ನೂ ಹಿಂಡಿಲ್ಲ ಎಂದು ಹೊರಗಿನ ಪರೀಕ್ಷಕರಿಂದ ಪ್ರಮಾಣಪತ್ರ ತರಬೇಕು. ಎರಡನೆಯದು ಸಮುದಾಯ ಸಾಲ ನಿಧಿ. ಊರಿನ ಸಾಲ ಸಂಘಕ್ಕೆ ಕೌನ್ಸಿಲ್ ದುಡ್ಡು ಹಾಕುತ್ತದೆ, ಸಣ್ಣಪುಟ್ಟ ಕಸುಬಿನವರು ಅಲ್ಲಿ ಕಡಿಮೆ ಬಡ್ಡಿಗೆ ಸಾಲ ತೆಗೆದುಕೊಳ್ಳಬಹುದು. ಎರಡನ್ನೂ ತಂದವಳು ಬ್ರಯೋನಿ. ಚುನಾವಣೆಯಲ್ಲಿ ಮನೆಮನೆಗೆ ಹಂಚಿದ ಕರಪತ್ರದಲ್ಲಿ ಇದೇ ಇತ್ತು. ಅರ್ಧದಷ್ಟು ಕರಪತ್ರ ಹಂಚಿದವಳು ಗೇನರ್. ದೂರದ ಯಾವುದೋ ಊರಲ್ಲಿ ಹತ್ತು ವರ್ಷದ ಮಕ್ಕಳು ಹೊಲಿದ ಸಮವಸ್ತ್ರ ನಮ್ಮ ಮಕ್ಕಳು ತೊಡಬಾರದು ಎಂದು ಬಾಗಿಲಲ್ಲಿ ನಿಂತು ಹೇಳುವಾಗ ಅವಳಿಗೆ ತನ್ನ ಮಗಳ ಬಗ್ಗೆ ಹೆಮ್ಮೆಯೆನಿಸಿತ್ತು. ಆ ಪ್ರಮಾಣಪತ್ರಕ್ಕೆ ಎಂಟು ತಿಂಗಳು ಹಿಡಿಯುತ್ತದೆ, ಎರಡು ಹೊಸ ಮಷೀನಿನಷ್ಟು ಖರ್ಚಾಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಊಟವಾದ ಮೇಲೆ ಕ್ಲಿಫ್ ತನ್ನ ತರಕಾರಿ ಪಾತಿ ನೋಡಲು ಹೋದ. ಟ್ರೆವರ್ ಸೋಫಾದಲ್ಲಿ ಕಣ್ಣು ಮುಚ್ಚಿದ. ಅಮ್ಮ ಪಾತ್ರೆ ತೊಳೆದಳು, ಮಗಳು ಒರೆಸಿದಳು.

"ಅಮ್ಮಾ, ಒಂದು ದಾರಿ ಇದೆ," ಎಂದಳು ಬ್ರಯೋನಿ ಮೆಲ್ಲಗೆ. "ಹತ್ತು ಜನಕ್ಕಿಂತ ಕಡಿಮೆ ಇರೋ ಕಡೆ ಪ್ರಮಾಣಪತ್ರ ಬೇಡ. ಒಂದು ಹಾಳೆಲಿ ಬರೆದು ಸಹಿ ಹಾಕಿದ್ರೆ ಸಾಕು, ಕೌನ್ಸಿಲ್‌ನವರೇ ಬಂದು ನೋಡ್ಕೊಂಡು ಹೋಗ್ತಾರೆ. ಹಾಗಂತ ತಿದ್ದುಪಡಿ ಬರ್ದಿದೀನಿ. ಪರಿಶೀಲನಾ ಸಮಿತಿ ಮುಂದೆ ನಾನೇ ಮಂಡಿಸ್ತೀನಿ."

"ನೀನು ಮಂಡಿಸ್ಬಹುದಾ? ನಾನು ನಿಮ್ಮಮ್ಮ ಅಲ್ವಾ?"

"ಗುಮಾಸ್ತರನ್ನ ಕೇಳ್ದೆ. ಮಿಸ್ಟರ್ ಎಂಟ್‌ವಿಸಲ್ ಪುಸ್ತಕ ತೆಗೆದು ನೋಡಿದ್ರು. ನೀತಿ ಊರಿಗೆಲ್ಲ ಒಂದೇ, ಯಾರ ಹೆಸರೂ ಇಲ್ಲ, ಹಾಗಾಗಿ ಕೂತ್ಕೋಬಹುದು, ಮಾತಾಡ್ಬಹುದು, ಓಟೂ ಹಾಕ್ಬಹುದು ಅಂದ್ರು. ಆದ್ರೆ ಮಿಲ್‌ಗೇಟ್ ಅಂತ ಹೆಸರು ಚರ್ಚೆಗೆ ಬಂತೋ, ನಾನು ಎದ್ದು ಆಚೆ ಹೋಗ್ಬೇಕು. ಮನೆಯವರ ಹೊಟ್ಟೆಪಾಡಿನ ವಿಷ್ಯ ಆಗುತ್ತಲ್ಲ." ಅವಳು ತಟ್ಟೆಯನ್ನು ಎರಡನೇ ಸಲ ಒರೆಸಿದಳು. "ಬೇರೆ ಯಾರಿಗೂ ಈ ತಿದ್ದುಪಡಿ ಮೇಲೆ ಆಸಕ್ತಿ ಇಲ್ಲಮ್ಮ. ನಾನು ಹೋದ್ರೆ ಅದೂ ಹೋಯ್ತು."

"ಹೆಸರು ಯಾರು ತರ್ತಾರೆ?"

"ಯಾರೂ ತರಲ್ಲ. ತಾತಂಗೆ ಮಾತ್ರ ಹೇಳ್ಬೇಡ. ಚೆಂಡು ಉರುಳಿಸೋಕೆ ಹೋಗ್ತಾರಲ್ಲ, ಆ ಬೌಲ್ಸ್ ಕ್ಲಬ್ಬಲ್ಲಿ ಬಾಯಿಬಿಟ್ರೆ ಊರಿಗೆಲ್ಲ ಆಯ್ತು."

"ಹೇಳಲ್ಲ ಬಿಡು," ಎಂದಳು ಗೇನರ್. ಅಪ್ಪನಿಗೆ ಏನಾದರೂ ಹೇಳುವುದೆಂದರೆ ಅರ್ಧ ಗಂಟೆಯ ಕೆಲಸ. ಹೇಳದೆ ಇರುವುದು ಸುಲಭವಾಗಿತ್ತು.

ಸೋಮವಾರ ಹೊಲಿಗೆ ಕೇಂದ್ರದಲ್ಲಿ, ಏನಾದರಾಗಲಿ ಎಂದು ಪ್ರಮಾಣಪತ್ರದ ಅರ್ಜಿಯನ್ನೂ ಬಿಡಿಸಿ ನೋಡಿದರು. ನಲವತ್ನಾಲ್ಕು ಪುಟವಿತ್ತು. ಮೊದಲಿನಿಂದಲೂ ಜೊತೆಗಿದ್ದ ನಸ್ರೀನ್ ಕನ್ನಡಕ ಏರಿಸಿಕೊಂಡು ಓದತೊಡಗಿದಳು. ಕತ್ತರಿಸುವ ಮೇಜಿನ ಮೇಲೆ ಅವಳ ಚಹಾ ಆರುತ್ತಿತ್ತು.

"ಕೆಲಸಗಾರರು ಆಡಳಿತದ ವಿರುದ್ಧ ದೂರು ಕೊಡಲು ಯಾವ ವ್ಯವಸ್ಥೆ ಇದೆ?"

"ಏನಂತ ಬರೀಲಿ?" ಎಂದಳು ಗೇನರ್.

"ಮುಖಕ್ಕೇ ಬೈತೀವಿ ಅಂತ ಬರಿ."

ಉಳಿದವರು ನಕ್ಕರು. ನಸ್ರೀನ್ ಪುಟ ತಿರುಗಿಸಿದಳು. "ಇಲ್ನೋಡು. ದಾರದ ಹತ್ತಿ ಬೆಳೆದ ಹೊಲದ ವಿವರ. ದಾರ ತರೋದು ಸಂತೆಪೇಟೆ ಕೆನ್ನಿ ಹತ್ರ. ಅವ್ನಿಗೆ ಅವನ ವ್ಯಾನ್ ಎಲ್ಲಿ ನಿಲ್ಸಿದೀನಿ ಅಂತ್ಲೇ ನೆನಪಿರಲ್ಲ, ಹೊಲ ಕೇಳ್ತೀಯಾ?"

"ಬ್ರಯೋನಿ ಏನೋ ಮಾಡ್ತಿದಾಳೆ," ಎಂದಳು ಗೇನರ್.

"ಮಾಡ್ಲಿ ಮಹಾರಾಯ್ತಿ. ನನ್ನ ಮನೆಯೋನು ಬೆನ್ನು ನೋವಿಂದ ಕೆಲಸ ಬಿಟ್ಟು ಎರಡು ವರ್ಷ ಆಯ್ತು. ಈ ವಯಸ್ಸಲ್ಲಿ ನನಗೆ ಇನ್ನೆಲ್ಲಿ ಕೆಲಸ ಸಿಗುತ್ತೆ, ಹೇಳು." ಇಷ್ಟನ್ನೂ ನಸ್ರೀನ್ ನಗುತ್ತಲೇ ಹೇಳಿದಳು. ಆಮೇಲೆ ಅರ್ಜಿಯನ್ನು ಜೋಪಾನವಾಗಿ ಮಡಿಸಿಟ್ಟು ಮಷೀನಿನ ಮುಂದೆ ಕೂತಳು.

ಇತ್ತ ಮನೆಯಲ್ಲಿ ಕ್ಲಿಫ್ ಸುಮ್ಮನೆ ಕೂತಿರಲಿಲ್ಲ. ಎಪ್ಪತ್ತೆಂಟು ವರ್ಷದ ಅವನು ಗಿರಣಿಯಲ್ಲಿ ಕಾರ್ಮಿಕ ಸಂಘದ ಮುಂದಾಳಾಗಿದ್ದವನು. ಹೆಂಡತಿ ಸತ್ತ ಮೇಲೆ ಮಗಳ ಮನೆಗೆ ಬಂದ. ಬಂದಂದಿನಿಂದ ಅವನ ಬಲು ದೊಡ್ಡ ಹವ್ಯಾಸ ಕೌನ್ಸಿಲ್‌ಗೆ ಪ್ರಶ್ನೆ ಹಾಕುವುದು. ಊರಿನ ಯಾರು ಬೇಕಾದರೂ ಸಭೆಗೆ ಮೂರು ದಿನ ಮುಂಚೆ, ಮಧ್ಯಾಹ್ನ ಹನ್ನೆರಡರ ಒಳಗೆ, ಲಿಖಿತ ಪ್ರಶ್ನೆ ಕೊಡಬಹುದು. ಸಭೆಯಲ್ಲಿ ಎದ್ದು ನಿಂತು ಮೂರು ನಿಮಿಷ ಓದಬಹುದು. ಕೌನ್ಸಿಲ್ಲು ಉತ್ತರ ಕೊಡಲೇಬೇಕು. ಬಸ್ ತಂಗುದಾಣದ ಸೋರುವ ಮಾಡು, ಪಾರ್ಕಿನ ಬೆಂಚು, ಹಿಮ ಬಿದ್ದಾಗ ರಸ್ತೆಗೆ ಹಾಕುವ ಉಪ್ಪು, ಹೀಗೆ ಮೂವತ್ತಾರು ಪ್ರಶ್ನೆ ಕೇಳಿದ್ದ. ಮೂವತ್ತಾರಕ್ಕೂ ಉತ್ತರ ಬಂದಿತ್ತು. ಬೆಂಚು ಒಂದು ಬಂದಿತ್ತು.

ಬುಧವಾರ ಸಂಜೆ ಗೇನರ್ ಸ್ಟ್ಯೂ ಪಾತ್ರೆ ಹಿಡಿದು ಬಂದಾಗ ಅಪ್ಪ ಅಡುಗೆಮನೆ ಮೇಜಿನಲ್ಲಿ ಒಳ್ಳೆಯ ಪೆನ್ನು ಹಿಡಿದು ಬರೆಯುತ್ತ ಕೂತಿದ್ದ. ಹಾಳೆಯ ಮೇಲೆ ಮೊಣಕೈ ಅಡ್ಡ ಇಟ್ಟುಕೊಂಡ, ಪರೀಕ್ಷೆ ಬರೆಯುವ ಹುಡುಗನ ಹಾಗೆ.

"ಏನಪ್ಪ, ಮತ್ತೆ ಬೆಂಚಾ?"

"ಹ್ಞೂಂ, ಬೆಂಚೇ ಅಂದ್ಕೋ."

"ಮೇಜು ಖಾಲಿ ಮಾಡು, ಪಾತ್ರೆ ಸುಡ್ತಿದೆ."

ಅವನು ಖಾಲಿ ಮಾಡಿದ. ಮೊದಲಾಗಿದ್ದರೆ ಓದಿ ತೋರಿಸುತ್ತೇನೆ ಎಂದು ದುಂಬಾಲು ಬೀಳುತ್ತಿದ್ದವನು ಈ ಸಲ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡದ್ದನ್ನು ಅವಳು ನೋಡಿದಳು. ನೋಡಿ, ತಟ್ಟೆ ತರಲು ಹೋದಳು.

ಸಮಿತಿ ಸೇರಿದ್ದು ನವೆಂಬರ್ ಮೊದಲ ಮಂಗಳವಾರ, ಸಂಜೆ ಆರೂವರೆಗೆ, ಟೌನ್ ಹಾಲಿನ ಎರಡನೇ ಕೋಣೆಯಲ್ಲಿ. ಗೇನರ್ ಕೆಲಸ ಬೇಗ ಮುಗಿಸಿ, ಕೋಟಿನ ಮೇಲಿದ್ದ ದಾರದ ಚೂರು ಕೊಡವಿಕೊಂಡು ಹೋದಳು. ಜನರಿಗೆಂದು ಗೋಡೆ ಪಕ್ಕ ಎಂಟು ಕುರ್ಚಿ ಹಾಕಿದ್ದರು. ಒಂದರಲ್ಲಿ ಅಪ್ಪ ಆಗಲೇ ಕೂತಿದ್ದ. ಟೈ ಕಟ್ಟಿದ್ದ.

"ಬೆಂಚಿಗೆ ಟೈ ಯಾಕೆ?" ಎಂದಳು ಪಕ್ಕದಲ್ಲಿ ಕೂರುತ್ತ.

"ನೋಡ್ತಿರು," ಎಂದ ಕ್ಲಿಫ್. ಮುಖ ಅರಳಿತ್ತು.

ಬಾಗಿಲಲ್ಲಿ ಗುಮಾಸ್ತ ಎಂಟ್‌ವಿಸಲ್ ಬ್ರಯೋನಿಯನ್ನು ತಡೆದು ಏನೋ ಹೇಳುತ್ತಿದ್ದ. ಬ್ರಯೋನಿ ಬೆಳಿಗ್ಗೆಯಿಂದ ತನ್ನ ಆಫೀಸಿನ ಕೆಲಸ ಮುಗಿಸಿ, ಎರಡು ಬಸ್ಸು ಬದಲಾಯಿಸಿ, ಆಗಷ್ಟೇ ಬಂದಿದ್ದಳು. ಅವನು ಒಂದು ಅಚ್ಚಾದ ಹಾಳೆ ತೋರಿಸಿದ. ಅವಳು ಓದಿದಳು. "ವಾಪಸ್ ತೆಗೆಸೋಕೆ ಆಗಲ್ವಾ?" ಎಂದು ಕೇಳಿದ್ದು ಗೇನರಳಿಗೆ ತುಟಿಯ ಚಲನೆಯಲ್ಲೇ ತಿಳಿಯಿತು. ಎಂಟ್‌ವಿಸಲ್ ತಲೆ ಅಲ್ಲಾಡಿಸಿದ. ಜನರ ಪ್ರಶ್ನೆಯ ಹಾಳೆ ಆಗಲೇ ಪ್ರಕಟವಾಗಿತ್ತು. ಬ್ರಯೋನಿ ತಲೆಯೆತ್ತಿ ಗೋಡೆ ಪಕ್ಕದ ಕುರ್ಚಿಗಳತ್ತ ನೋಡಿದಳು. ಕ್ಲಿಫ್ ಅವಳಿಗೆ ಕೈ ಬೀಸಿದ.

ಅಧ್ಯಕ್ಷೆ ಹಾರ್ಗ್ರೀವ್ಸ್ ಸಭೆ ಶುರು ಮಾಡಿದಳು. ಜನರ ಪ್ರಶ್ನೆ ಒಂದೇ. ಮಿಸ್ಟರ್ ಒಗ್ಡನ್ ಏಳಬಹುದು.

ಕ್ಲಿಫ್ ಎದ್ದ. ಗಂಟಲು ಸರಿಮಾಡಿಕೊಂಡ. ಗಿರಣಿಯ ಮಷೀನುಗಳ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಧ್ವನಿ ಆ ಸಣ್ಣ ಕೋಣೆಗೆ ಹೆಚ್ಚಾಯಿತು.

"ಹತ್ತೊಂಬತ್ತು ವರ್ಷದಿಂದ ನಮ್ಮ ಊರಿನ ಮಕ್ಕಳ ಅಡುಗೆಮನೆಗೆ, ವೃದ್ಧರ ಮನೆಗೆ ಏಪ್ರನ್ ಹೊಲಿದುಕೊಟ್ಟಿರುವುದು ಮಿಲ್‌ಗೇಟ್ ಹೊಲಿಗೆ ಕೇಂದ್ರ. ನಡೆಸುತ್ತಿರುವವಳು ನನ್ನ ಮಗಳು ಗೇನರ್ ಸ್ಕೋಫೀಲ್ಡ್. ಅಲ್ಲಿ ಯಾವ ಹೆಂಗಸಿಗೂ ಒಂದು ಪೈಸೆ ಕಡಿಮೆ ಸಂಬಳ ಕೊಟ್ಟಿಲ್ಲ. ಆ ದುಡಿಮೆಯ ಅನ್ನ ತಿಂದು ಬೆಳೆದವಳು, ಇವತ್ತಿಗೂ ಅದೇ ಮನೆಯಲ್ಲಿರುವವಳು ಈ ಸಮಿತಿಯ ಕೌನ್ಸಿಲರ್ ಬ್ರಯೋನಿ ಸ್ಕೋಫೀಲ್ಡ್. ಇಂಥ ಕೇಂದ್ರವನ್ನು ಉಳಿಸಿಕೊಳ್ಳದ ನೀತಿಯನ್ನು ನೈತಿಕ ಎಂದು ಹೇಗೆ ಕರೆಯುತ್ತೀರಿ?"

ಗೇನರ್ ತನ್ನ ಮಡಿಲಿನ ಮೇಲಿದ್ದ ಕೈಗಳನ್ನು ನೋಡುತ್ತ ಕೂತಳು. ಮೂರು ನಿಮಿಷ ಬೇಕಾಗಿರಲಿಲ್ಲ. ಒಂದಕ್ಕೂ ಕಡಿಮೆಯೇ ಆಗಿತ್ತು.

"ಪ್ರಶ್ನೆಗೆ ವಂದನೆಗಳು," ಎಂದಳು ಅಧ್ಯಕ್ಷೆ. "ನೀತಿಯ ಚರ್ಚೆಯಲ್ಲೇ ಉತ್ತರ ಕೊಡ್ತೀವಿ. ಮಿಸ್ಟರ್ ಎಂಟ್‌ವಿಸಲ್?"

ಎಂಟ್‌ವಿಸಲ್ ಯಾರ ಮುಖವನ್ನೂ ನೋಡದೆ ಹೇಳಿದ. "ಒಂದು ಸಂಸ್ಥೆಯ ಹೆಸರು ಬಂದಿರೋದ್ರಿಂದ, ಕೌನ್ಸಿಲರ್ ಸ್ಕೋಫೀಲ್ಡ್ ತಮ್ಮ ಹಿತಾಸಕ್ತಿ ಘೋಷಿಸ್ಬೇಕಾಗುತ್ತೆ. ಎರಡೂ ಪ್ರಸ್ತಾವ ಮುಗಿಯೋವರೆಗೂ ಕೋಣೆಯಿಂದ ಹೊರಗಿರ್ಬೇಕು."

"ಘೋಷಿಸ್ತೀನಿ," ಎಂದಳು ಬ್ರಯೋನಿ. ಕಾಗದಗಳನ್ನು ಜೋಡಿಸಿಕೊಂಡಳು. ಒಂದು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡಳು. ಬಾಗಿಲು ಅವಳ ಹಿಂದೆ ತಾನಾಗಿಯೇ ನಿಧಾನವಾಗಿ ಮುಚ್ಚಿಕೊಂಡಿತು.

"ಎಲ್ಲಿಗೆ ಹೋದ್ಲು?" ಎಂದು ಪಿಸುಗುಟ್ಟಿದ ಕ್ಲಿಫ್. "ಏ ಗೇನರ್, ಎಲ್ಲಿಗೆ ಹೋಗ್ತಿದಾಳೆ? ಈಗ ಮಾತಾಡೋ ಹೊತ್ತಲ್ವಾ?"

"ಸುಮ್ನಿರಪ್ಪ."

ಮುಂದಿನದೆಲ್ಲ ಇಪ್ಪತ್ತು ನಿಮಿಷದ ಕೆಲಸ. ಪ್ರಶ್ನೆಗೆ ಉತ್ತರವೆಂದು, ಕೌನ್ಸಿಲ್ ಎಲ್ಲ ಸ್ಥಳೀಯ ಕಸುಬುದಾರರನ್ನೂ ಗೌರವಿಸುತ್ತದೆ ಎಂದು ಅಧ್ಯಕ್ಷೆ ಓದಿದಳು. ಸಣ್ಣ ಕೇಂದ್ರಗಳ ಬಗ್ಗೆ ಒಂದು ತಿದ್ದುಪಡಿ ಇದೆ, ಕೌನ್ಸಿಲರ್ ಸ್ಕೋಫೀಲ್ಡ್ ಮಂಡಿಸಬೇಕಿತ್ತು, ಅವರ ಬದಲು ಯಾರಾದರೂ ಮಂಡಿಸುತ್ತೀರಾ ಎಂದು ಕೇಳಿದಳು. ಆರು ಜನ ತಮ್ಮ ಮುಂದಿನ ಕಾಗದಗಳನ್ನು ತಿರುವಿದರು. ಹೆರಾಲ್ಡ್ ಪಿಲಿಂಗ್ ಎಂಬ ಹಿರಿಯ ಕೌನ್ಸಿಲರ್ ಆ ಪುಟ ಹುಡುಕುತ್ತಲೇ ಇದ್ದ. ಹುಡುಕಿ ಕೈ ಎತ್ತುವಷ್ಟರಲ್ಲಿ "ತಿದ್ದುಪಡಿ ಬಿದ್ದುಹೋಗಿದೆ" ಎಂದಾಗಿತ್ತು. ಸಾಲ ನಿಧಿಗೆ ಎಲ್ಲರೂ ಸೈ ಎಂದರು. ಜನರ ತೆರಿಗೆ ದುಡ್ಡು ಮುಳುಗಬಾರದಲ್ಲ ಎಂದು ಯಾರೋ ಹೇಳಿದ್ದಕ್ಕೆ ಒಂದು ಸಾಲು ಸೇರಿಸಿದರು: ಸಾಲ ಕೇಳುವವರ ಕೈಯಲ್ಲಿ ಖಾತ್ರಿಯಾದ ಕರಾರು ಇರಬೇಕು.

ಗೇನರ್ ಹೊರಗೆ ಬಂದಾಗ ಬ್ರಯೋನಿ ಕಾರಿಡಾರಿನ ಹೀಟರಿಗೆ ಬೆನ್ನು ಒರಗಿಸಿ ನಿಂತಿದ್ದಳು.

"ಏನಾಯ್ತು?"

"ನಿನ್ನ ನೀತಿ ಪಾಸಾಯ್ತು."

"ತಿದ್ದುಪಡಿ?"

ಗೇನರ್ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ನೀನು ಹೇಳಿದ್ಯಾ ತಾತಂಗೆ?"

"ಇಲ್ಲ ಕಣೇ. ನೀನು ಬೇಡ ಅಂದ್ಯಲ್ಲ. ಹೇಳ್ಲಿಲ್ಲ."

ಹಿಂದೆ ಬಾಗಿಲಲ್ಲಿ ಕ್ಲಿಫ್ ನಿಂತಿದ್ದ. ಟೈ ಸಡಿಲಿಸಿಕೊಂಡಿದ್ದ.

ಮನೆಯಲ್ಲಿ ಟ್ರೆವರ್ ಮೊಟ್ಟೆ, ಚಿಪ್ಸ್ ಮಾಡಿಟ್ಟಿದ್ದ. ಯಾರೂ ಕೋಟು ಬಿಚ್ಚಲಿಲ್ಲ.

"ಏನು ಹೇಳ್ಬಾರ್ದಿತ್ತು ನನಗೆ?" ಎಂದ ಕ್ಲಿಫ್. "ಕಾರಿಡಾರಲ್ಲಿ ಕೇಳಿಸ್ಕೊಂಡೆ. ಏನದು?"

ಗೇನರ್ ಹೇಳಿದಳು. ಗುಮಾಸ್ತನ ಮಾತು, ಹೆಸರು ಬರಬಾರದೆಂಬ ಷರತ್ತು, ಎಲ್ಲ.

"ಯಾವಾಗಿಂದ ಗೊತ್ತು?"

"ಎರಡು ವಾರ."

"ಎರಡು ವಾರ ಈ ಮೇಜಲ್ಲಿ ನನ್ನ ಎದುರಿಗೆ ಕೂತು ತಿಂದಿದೀರಿ ಇಬ್ರೂ!"

"ಕ್ಲಬ್ಬಲ್ಲಿ ಹೇಳ್ಬಿಡ್ತೀಯ ಅಂತ, ತಾತ," ಎಂದಳು ಬ್ರಯೋನಿ.

"ಕ್ಲಬ್ಬಲ್ಲಾ? ಮುನ್ನೂರು ಜನ ಮುಷ್ಕರ ಹೂಡಿ ಗಿರಣಿ ಬಿಟ್ಟು ಆಚೆ ಬರೋ ದಿನ ಮಾಲೀಕನಿಗೆ ತಿಳೀದೇ ಇರೋ ಹಾಗೆ ಗುಟ್ಟು ಕಾಪಾಡಿದೋನು ನಾನು. ನನ್ನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ಅಂತ ನನ್ನ ಮನೇಲೇ!"

"ನೀನೂ ಹೇಳ್ಲಿಲ್ವಲ್ಲಪ್ಪ," ಎಂದಳು ಗೇನರ್. ಅವಳ ದನಿ ಏರಿತು. "ಬೆಂಚು ಅಂದೆ. ಬೆಂಚು! ಒಂದು ಸಲ ತೋರಿಸಿದ್ರೆ ಆಗ್ತಿರ್ಲಿಲ್ವಾ?"

"ನಿಂಗೆ ಖುಷಿ ಆಗ್ಲಿ ಅಂತ ಕಣೇ," ಎಂದ ಮುದುಕ. "ನಿನ್ನ ಕೆಲಸದ ಬಗ್ಗೆ ಆ ಕೋಣೇಲಿ ಯಾರಾದ್ರೂ ಒಬ್ರು ಎದ್ದು ನಿಂತು ಜೋರಾಗಿ ಹೇಳ್ಲಿ ಅಂತ."

"ಮೊಟ್ಟೆ ಆರ್ತಿದೆ," ಎಂದ ಟ್ರೆವರ್. ಆಮೇಲೆ, ಎಂದೂ ಇಲ್ಲದವನು, ಮೇಜನ್ನು ಅಂಗೈಯಿಂದ ಬಡಿದ. "ತಿನ್ರಿ ಅಂದ್ನಲ್ಲ!"

ತಿಂದರು.

ಆ ವಾರದಿಂದ ಕ್ಲಿಫ್ ಹಗಲಿಡೀ ತರಕಾರಿ ಪಾತಿಯ ಶೆಡ್ಡಿನಲ್ಲಿ ಕಳೆಯತೊಡಗಿದ. ಫ್ಲಾಸ್ಕಿನಲ್ಲಿ ಸೂಪು, ಎರಡು ತುಂಡು ಬ್ರೆಡ್ಡು ಕಟ್ಟಿಕೊಂಡು ಹೋಗುತ್ತಿದ್ದ. ನವೆಂಬರಿನಲ್ಲಿ ಪಾತಿಯಲ್ಲಿ ಮಾಡಲು ಏನೂ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬ್ರಯೋನಿಯ ನೀತಿಯ ಬಗ್ಗೆ ಪಕ್ಕದ ಎರಡು ಕೌನ್ಸಿಲ್‌ಗಳು ವಿಚಾರಿಸಿದವು. ಪತ್ರಿಕೆಯವರು ಅವಳ ಫೋಟೋ ಹಾಕಿದರು. ಆ ಪತ್ರಿಕೆಯನ್ನು ಗೇನರ್ ತೆಗೆದಿಟ್ಟಳು. ಆದರೆ ಮೇಜಿನ ಮೇಲೆ ಇಡಲಿಲ್ಲ.

ಸಾಲ ಸಂಘಕ್ಕೂ ಹೋಗಿ ಬಂದಳು. ಅಲ್ಲಿ ಕೂತಿದ್ದ ಹೆಂಗಸು ಒಳ್ಳೆಯವಳು. ಬಿಸ್ಕತ್ತು ಕೊಟ್ಟಳು.

"ಪ್ರಮಾಣಪತ್ರದ ಖರ್ಚಿಗೇ ಸಾಲ ಕೊಡಬಹುದು ಮಿಸೆಸ್ ಸ್ಕೋಫೀಲ್ಡ್. ಮಾರ್ಚ್ ಆದಮೇಲಿನ ಕರಾರು ಇದೆಯಲ್ಲ?"

"ಪ್ರಮಾಣಪತ್ರ ಇದ್ರೆ ಕರಾರು ಕೊಡ್ತಾರೆ."

"ಹೌದು. ಕರಾರು ಇದ್ರೆ ನಾವು ಕೊಡ್ತೀವಿ."

ಗೇನರ್ ಅರ್ಜಿಯಲ್ಲಿ ಆ ಷರತ್ತಿನ ಸಾಲಿನ ಮೇಲೆ ಬೆರಳಿಟ್ಟಳು. "ಈ ಸಾಲು ನಮ್ಮದಲ್ಲ," ಎಂದಳು ಆ ಹೆಂಗಸು ತಗ್ಗಿದ ದನಿಯಲ್ಲಿ. "ಅವರು ಸೇರಿಸಿದ್ದು. ಇನ್ನೊಂದು ಬಿಸ್ಕತ್ತು ತಗೊಳ್ಳಿ."

ಕ್ರಿಸ್‌ಮಸ್‌ಗೆ ನಸ್ರೀನ್ ಎಂದಿನಂತೆ ಎಲ್ಲರಿಗೂ ಸಮೋಸಾ ತಂದಳು, ಗೇನರ್ ಕೇಕು ಕತ್ತರಿಸಿದಳು. ಮಾರ್ಚ್ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಆರು ಜನರಲ್ಲಿ ಇಬ್ಬರು ಜನವರಿಯಲ್ಲಿ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಸಂಜೆ ಪಾಳಿಗೆ ಹೆಸರು ಬರೆಸಿ ಬಂದರು. ನಸ್ರೀನ್ ಕೂಡ ಕೇಳಿ ಬಂದಿದ್ದಳು. ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು ಎಂದಿದ್ದರಂತೆ.

ಫೆಬ್ರವರಿಯಲ್ಲಿ ಹೊಸ ಕರಾರು ಯಾರಿಗೆಂದು ಪ್ರಕಟವಾಯಿತು. ಪೋರ್ಚುಗಲ್‌ನ ಒಂದು ಹೆಂಗಸರ ಸಹಕಾರ ಸಂಘಕ್ಕೆ. ಎಲ್ಲ ಪ್ರಮಾಣಪತ್ರಗಳೂ ಇದ್ದವು.

ಅದಾಗಿ ಮೂರನೆಯ ದಿನ ಸಂಜೆ, ಆಲೂಗಡ್ಡೆ ಬೇಯುತ್ತಿರುವಾಗ, ಹೆರಾಲ್ಡ್ ಪಿಲಿಂಗ್ ಮನೆಗೆ ಬಂದ. ಒಂದು ಕಾಗದದ ಚೀಲ ಹಿಡಿದಿದ್ದ. ಅವನನ್ನು ಒಳಗೆ ಕರೆತಂದವನು ಕ್ಲಿಫ್. ಅದನ್ನು ನೋಡಿ ಗೇನರ್ ಬೆರಗಾದಳು, ಅಪ್ಪ ಇಷ್ಟು ಚುರುಕಾಗಿ ನಡೆದದ್ದನ್ನು ಅವಳು ಮೂರು ತಿಂಗಳಿಂದ ಕಂಡಿರಲಿಲ್ಲ.

"ಕೌನ್ಸಿಲರ್ ಸ್ಕೋಫೀಲ್ಡ್ ಇದಾರಾ?" ಎಂದ ಪಿಲಿಂಗ್ ಮುಜುಗರದಿಂದ. "ಯಾಕಂದ್ರೆ, ಅವ್ರು ಇಲ್ಲಿ ಇದ್ರೆ ನಾನು ಮಾತಾಡೋ ಹಾಗಿಲ್ಲ."

ಬ್ರಯೋನಿ ಮೇಜಿಗೆ ಫೋರ್ಕುಗಳನ್ನು ಇಡುತ್ತಿದ್ದಳು. ಕೈಯಲ್ಲಿದ್ದವನ್ನು ಕೆಳಗಿಟ್ಟು, ಮಹಡಿ ಹತ್ತಿ ಹೋದಳು. ಮೇಲೆ ಅವಳ ಕೋಣೆಯ ಬಾಗಿಲು ಮುಚ್ಚಿದ್ದು ಕೇಳಿಸಿತು.

"ತೀರ್ಮಾನ ಆಗಿ ಐದು ದಿನದೊಳಗೆ ಮೂರು ಜನ ಕೌನ್ಸಿಲರುಗಳು ಸಹಿ ಹಾಕಿದ್ರೆ ಅದು ಸಮಿತಿಗೆ ವಾಪಸ್ ಬರುತ್ತೆ," ಎಂದ ಪಿಲಿಂಗ್. "ಇಬ್ರನ್ನ ಒಪ್ಪಿಸಿದೀನಿ. ನಾನು ಮೂರನೆಯೋನು. ಅವತ್ತು ಕೈ ಎತ್ತೋದು ತಡ ಆಯ್ತು ನಂಗೆ. ಅದು ಕೊರೀತಾನೇ ಇದೆ."

"ಗೊತ್ತಾಯ್ತಾ?" ಎಂದ ಕ್ಲಿಫ್ ಮಗಳಿಗೆ. "ವಾಪಸ್ ಬರುತ್ತೆ! ಬಂದ್ರೆ ಆ ತಿದ್ದುಪಡೀನೂ ಮತ್ತೆ ಎತ್ತಬಹುದಂತೆ. ಈ ಸಲ ನಾನು ಬಾಯಿಗೆ ಬೀಗ ಹಾಕ್ಕೊಂಡು ಇರ್ತೀನಿ."

"ಆದ್ರೆ ಕಾರಣ ಬೇಕು," ಎಂದ ಪಿಲಿಂಗ್. "ಬರೀ ಬೇಜಾರಾಯ್ತು ಅಂದ್ರೆ ಎಂಟ್‌ವಿಸಲ್ ತೆಗೆದ್ಕೊಳ್ಳಲ್ಲ. ಮಾಲು ಕಳಪೆ ಅಂತ ಕಸುಬು ಬಲ್ಲೋರು ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕು, ಬರ್ಕೊಳ್ತೀನಿ. ಅವ್ರು ಕಳ್ಸಿರೋ ಮಾದರಿ ಕೇಳಿ ಇಸ್ಕೊಂಡು ಬಂದೆ." ಚೀಲದಿಂದ ಒಂದು ಏಪ್ರನ್ ತೆಗೆದು ಮೇಜಿನ ಮೇಲೆ ಹರಡಿದ. ಕಡು ನೀಲಿ. "ಈ ಊರಲ್ಲಿ ಕಸುಬು ಬಲ್ಲೋರು ಅಂದ್ರೆ ನೀವೇ."

ಟ್ರೆವರ್ ಒಲೆಯ ಮೇಲಿನ ಆಲೂಗಡ್ಡೆಯ ಉರಿ ತಗ್ಗಿಸಿದ.

ಗೇನರ್ ಕೈ ತೊಳೆದು, ಒರೆಸಿಕೊಂಡು ಬಂದಳು. ಏಪ್ರನ್ನನ್ನು ದೀಪದ ಕೆಳಗೆ ಹಿಡಿದಳು. ಒಳಮಗ್ಗುಲು ತಿರುಗಿಸಿದಳು. ಅಂಚಿನ ಮಡಿಕೆಯನ್ನು ಹೆಬ್ಬೆರಳಿನಿಂದ ತುದಿಯವರೆಗೆ ಸವರಿದಳು. ಸೊಂಟದ ಪಟ್ಟಿ ಬಂದು ಸೇರುವ ಜಾಗವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು, ಇನ್ನೂ ಜೋರಾಗಿ ಜಗ್ಗಿದಳು. ಅದು ಸಡಿಲವಾಗಲಿಲ್ಲ. ಜೇಬಿನೊಳಗೆ ಕೈ ಹಾಕಿ ಮೂಲೆ ಮುಟ್ಟಿದಳು. ಅಲ್ಲಿ ಗಟ್ಟಿ ಹೊಲಿಗೆ ಎರಡು ಸಲ ಹೋಗಿತ್ತು. ಮಿಲ್‌ಗೇಟಿನಲ್ಲಿ ಹೊತ್ತಾಗುತ್ತದೆಂದು ಒಂದೇ ಸಲ ಹಾಕುತ್ತಿದ್ದರು. ಹೊಲಿದವಳು ಬಟ್ಟೆಯನ್ನು ಎಳೆಯದೆ, ಮಷೀನು ತಾನೇ ತೆಗೆದುಕೊಳ್ಳಲು ಬಿಟ್ಟಿದ್ದಾಳೆ ಎಂದು ಗೇನರಳಿಗೆ ಕಂಡಿತು. ಅದು ಕಲಿಸಿದರೆ ಬರುವುದಲ್ಲ. ನಸ್ರೀನಳಿಗೆ ಬರುತ್ತದೆ, ತನಗೆ ಬರುತ್ತದೆ, ಉಳಿದವರಿಗೆ ಇನ್ನೂ ಬಂದಿಲ್ಲ.

"ಏನಾದ್ರೂ?" ಎಂದ ಪಿಲಿಂಗ್. "ಸಣ್ಣದಾದ್ರೂ ಪರ್ವಾಗಿಲ್ಲ."

"ಅಲ್ನೋಡು!" ಎಂದ ಕ್ಲಿಫ್ ಬಗ್ಗಿ, ಬೆರಳು ತೋರಿಸಿ. "ಪಟ್ಟಿ ತುದೀಲಿ. ದಾರ ಎದ್ದಿದೆ, ಅಲ್ಲಿ! ಒಂದೇ ಒಗೆತಕ್ಕೆ ಬಿಚ್ಚಿ ಬರುತ್ತೆ ಅದು. ಅಲ್ವಾ? ಬರುತ್ತಲ್ವಾ ಗೇನರ್?"

ನಿಜವೇ. ಪಟ್ಟಿಯ ತುದಿಯಲ್ಲಿ ಬೆರಳಗಲದ ನೀಲಿ ದಾರವೊಂದು ಎದ್ದು ನಿಂತಿತ್ತು. ಪಿಲಿಂಗ್ ಪೆನ್ನಿನ ಮುಚ್ಚಳ ತೆಗೆದ. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದು, ಅವಳು ಹೇಳಬೇಕಾದ ಮಾತನ್ನು ತಾನೇ ಹೇಳಿಬಿಡುವವನಂತೆ.

ಗೇನರ್ ಸೊಂಟದ ಜೇಬಿನಿಂದ ದಾರ ಕತ್ತರಿಸುವ ಚಿಕ್ಕ ಕತ್ತರಿ ತೆಗೆದಳು. ಟಕ್ಕೆಂದು ಆ ದಾರ ಕತ್ತರಿಸಿದಳು.

"ಹೊಲಿದು ಮಿಕ್ಕಿದ ದಾರ ಅಪ್ಪ. ನಮ್ಮದ್ರಲ್ಲೂ ಇರುತ್ತೆ."

"ಗೇನರ್."

"ಚೆನ್ನಾಗಿ ಹೊಲಿದಿದಾರೆ, ಮಿಸ್ಟರ್ ಪಿಲಿಂಗ್. ಏನಂತ ಹೇಳ್ಲಿ ನಾನು."

ಪಿಲಿಂಗ್ ಪೆನ್ನಿಗೆ ಮುಚ್ಚಳ ಹಾಕಿದ. ಕ್ಲಿಫ್ ನಿಧಾನವಾಗಿ ಕುರ್ಚಿಯಲ್ಲಿ ಕೂತ. ಅವನು ಬೈಯುತ್ತಾನೆಂದು ಗೇನರ್ ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಅವನು ಮೇಜಿನ ಮೇಲೆ ಬಿದ್ದಿದ್ದ ದಾರದ ಚೂರನ್ನು ಬೆರಳ ತುದಿಯಿಂದ ಒತ್ತಿ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ.

ಗೇನರ್ ಏಪ್ರನ್ ಮಡಿಸಿ ಚೀಲಕ್ಕೆ ಹಾಕಿ ಕೊಟ್ಟಳು. ಟ್ರೆವರ್ ಪಿಲಿಂಗ್‌ನನ್ನು ಬಾಗಿಲವರೆಗೆ ಬಿಟ್ಟು ಬಂದ. ಗೇನರ್ ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ಮೇಲೆ ಸದ್ದಿರಲಿಲ್ಲ.

"ಬ್ರಯೋನಿ," ಎಂದು ಕೂಗಿದಳು. "ಇಳಿದು ಬಾ. ಅವ್ರು ಹೋದ್ರು. ಊಟ ಮಾಡೋಣ."